ಮಲ್ಲಮ್ಮ ಎಂಬ ಹೆಸರು



ಕಳೆದ ಶ್ರಾವಣದಲ್ಲಿ ಆದವಾನಿ ಸಮೀಪದ ಹಳ್ಳಿಯೊಂದರಲ್ಲಿ ಭಕ್ತರ ಮನೆಯ ತೊಟ್ಟಿಲ ಕಾರ್ಯಕ್ಕೆ ನಾವು ಹೋಗಿದ್ದೆವು. ಹೆಣ್ಣು ಕೂಸು. ಲಿಂಗಧಾರಣೆ ಮುಗಿದು, ಸೋದರತ್ತೆ ಕೂಸಿನ ಕಿವಿಯಲ್ಲಿ ಹೆಸರು ಹೇಳುವ ಹೊತ್ತಿಗೆ ಮನೆಯೊಳಗೆ ಸಣ್ಣದೊಂದು ವಾದವೆದ್ದಿತು. ತೀರಿಹೋದ ತಮ್ಮ ಅತ್ತೆಯ ಹೆಸರು ಕೂಸಿಗೆ ಬರಬೇಕೆಂದು ಮನೆಯ ಅಜ್ಜಿಯವರ ಆಸೆ. ಆ ಹೆಸರು ಮಲ್ಲಮ್ಮ. ಕೂಸಿನ ತಂದೆತಾಯಿಗಳು ಇಬ್ಬರೂ ಓದಿದವರು, ಕರ್ನೂಲಿನಲ್ಲಿ ಕೆಲಸದಲ್ಲಿರುವವರು. ಅಂಥ ಹೆಸರಿಟ್ಟರೆ ನಾಳೆ ಶಾಲೆಯಲ್ಲಿ ಮಕ್ಕಳು ನಗುತ್ತಾರೆಂಬುದು ಅವರ ಅಂಜಿಕೆ. "ಏನ್ರೀ ಅಯ್ಯನೋರ, ನಮ್ಮತ್ತಿ ಹೆಸರು ಯಾರಿಗೇನು ಪಾಪ ಮಾಡೈತಿ? ನೀವಾರ ಹೇಳ್ರಿ" ಎಂದು ಅಜ್ಜಿ ನಮ್ಮ ಕಡೆಗೆ ತಿರುಗಿದರು. ಆ ದಿನ ಕೂಸಿಗೆ ಎರಡು ಮೂರು ಹೆಸರು ಕೂಗಿ ಕಾರ್ಯ ಮುಗಿಸಿದರು. ದಾಖಲೆಗೆ ಯಾವ ಹೆಸರು ಹೋಗಬೇಕೆಂಬುದು ಮಾತ್ರ ಹಾಗೆಯೇ ಉಳಿಯಿತು. ನಾವು ನಾಲ್ಕು ಮಾತು ಹೇಳಿ, ಉಳಿದುದನ್ನು ಪತ್ರಿಕೆಯಲ್ಲಿ ಬರೆಯುತ್ತೇವೆಂದು ಬಂದೆವು. ಆ ಋಣ ತೀರಿಸಲು ಈ ಲೇಖನ.

ನಮ್ಮ ಭಾಗದಲ್ಲಿ, ಅಂದರೆ ಆದವಾನಿ, ಆಲೂರು, ಹೊಳಗುಂದಿ, ಕೌತಾಳ, ಕೋಸಿಗಿ, ಎಮ್ಮಿಗನೂರು ಸೀಮೆಯಲ್ಲಿ, ಹತ್ತಿ ಬಿಡಿಸುವ ಹೊಲಕ್ಕೆ ಹೋಗಿ "ಮಲ್ಲಮ್ಮಾ" ಎಂದು ಒಮ್ಮೆ ಕರೆದರೆ ಒಬ್ಬರಾದರೂ ತಲೆಯೆತ್ತಿ ನೋಡುತ್ತಾರೆ. ಆದರೆ ನೋಡುವವರು ಐವತ್ತು ದಾಟಿದವರು. ಅದೇ ಊರಿನ ಅಂಗನವಾಡಿಯಲ್ಲಿ ಕರೆದರೆ ಯಾರೂ ತಿರುಗುವುದಿಲ್ಲ. ನಮ್ಮ ಕಣ್ಣೆದುರಿಗೇ ಒಂದು ಹೆಸರು ಮನೆ ಬಿಟ್ಟು ಹೊರಟಿದೆ. ಹೋಗುವುದಾದರೆ ಹೋಗಲಿ, ಹೆಸರುಗಳು ಬರುತ್ತವೆ ಹೋಗುತ್ತವೆ. ಆದರೆ ಅದು ಎಲ್ಲಿಂದ ಬಂತೆಂದು ತಿಳಿಯದೆ ಕಳಿಸಿಕೊಡುವುದು ಸರಿಯಲ್ಲ.

ಈ ಹೆಸರಿನ ಮೂಲ ದೂರದ್ದಲ್ಲ. ಶ್ರೀಶೈಲದ ಮಲ್ಲಯ್ಯನ ಹೆಸರೇ ಹೆಣ್ಣುಮಗಳಿಗೆ ಮಲ್ಲಮ್ಮ ಎಂದಾಯಿತು. 2022ರ ಏಪ್ರಿಲ್ 4ರಂದು ಜಿಲ್ಲೆಗಳನ್ನು ಮರುವಿಂಗಡಿಸಿದಾಗ ಶ್ರೀಶೈಲವು ಹೊಸ ನಂದ್ಯಾಲ ಜಿಲ್ಲೆಗೆ ಸೇರಿತು. ಅಲ್ಲಿಯವರೆಗೆ ಅದು ನಮ್ಮ ಕರ್ನೂಲು ಜಿಲ್ಲೆಯದೇ. ಹಿರಿಯರು ಶ್ರೀಶೈಲವೆನ್ನುತ್ತಿರಲಿಲ್ಲ, "ಪರ್ವತ" ಎನ್ನುತ್ತಿದ್ದರು. "ಪರ್ವತಕ್ಕೆ ಹೋಗಿ ಬಂದೆವು" ಎಂದರೆ ಮತ್ತೆ ಯಾವ ಪರ್ವತ ಎಂದು ಕೇಳುವಂತಿರಲಿಲ್ಲ. ಪಾಲ್ಕುರಿಕೆ ಸೋಮನಾಥನು ತೆಲುಗಿನಲ್ಲಿ ರಚಿಸಿದ ಪಂಡಿತಾರಾಧ್ಯ ಚರಿತ್ರದಲ್ಲಿ ಶ್ರೀಶೈಲದ ಯಾತ್ರೆಯನ್ನು ಹೇಳುವ ಭಾಗಕ್ಕೆ ಪರ್ವತ ಪ್ರಕರಣವೆಂದೇ ಹೆಸರು. ಅದೇ ಸೋಮನಾಥನ ತೆಲುಗು ಬಸವಪುರಾಣವನ್ನು 1369ರಲ್ಲಿ ಭೀಮಕವಿಯು ಕನ್ನಡಕ್ಕೆ ತಂದನೆಂಬುದನ್ನು ಇಲ್ಲಿ ನೆನೆಯಬೇಕು. ನಮ್ಮ ಮನೆಗಳ ಪರ್ವತಪ್ಪ, ಪರ್ವತಮ್ಮ, ಮಲ್ಲಪ್ಪ, ಮಲ್ಲೇಶಿ, ಮಲ್ಲಮ್ಮ ಇವರೆಲ್ಲ ಒಂದೇ ಬೆಟ್ಟದಿಂದ ಇಳಿದು ಬಂದವರು. ಉಡುತಡಿಯಿಂದ ಹೊರಟ ಅಕ್ಕ ಮಹಾದೇವಿಯವರು ಕಲ್ಯಾಣವನ್ನು ಕಂಡು, ಕೊನೆಗೆ ನಡೆದದ್ದು ಈ ಬೆಟ್ಟಕ್ಕೆ. ಅವರ ಅಂಕಿತದಲ್ಲಿರುವ ಚೆನ್ನಮಲ್ಲಿಕಾರ್ಜುನನೂ ಇದೇ ಮಲ್ಲಯ್ಯನೇ.

ಮಲ್ಲ ಎಂದರೇನು? ಚಂದ್ರವತಿ ಎಂಬ ರಾಜಕುಮಾರಿ ಮಲ್ಲಿಗೆಯ ಹೂವಿನಿಂದ ಪೂಜಿಸಿದ್ದಕ್ಕೆ ಮಲ್ಲಿಕಾರ್ಜುನನೆಂದು ಹೆಸರಾಯಿತೆಂದು ಸ್ಥಳಪುರಾಣ ಹೇಳುತ್ತದೆ. ಮಲೆಯ ಅಯ್ಯ, ಅಂದರೆ ಬೆಟ್ಟದ ಒಡೆಯನೇ ಮಲ್ಲಯ್ಯನಾದನೆಂದು ಬಿಡಿಸುವವರೂ ಇದ್ದಾರೆ. ನಲ್ಲಮಲೆಯ ಚೆಂಚು ಜನರು ಆ ದೇವರನ್ನು ಚೆಂಚು ಮಲ್ಲಯ್ಯನೆಂದು ಕರೆದು, ತಮ್ಮ ಹುಡುಗಿಯನ್ನು ಮದುವೆಯಾದ ಅಳಿಯನೆಂದು ಸಲಿಗೆಯಿಂದ ನಡೆಸಿಕೊಳ್ಳುವುದನ್ನು ನೋಡಿದರೆ ನಮಗೆ ಎರಡನೆಯ ಅರ್ಥವೇ ಹೆಚ್ಚು ಹಿಡಿಸುತ್ತದೆ. ಮಲ್ಲನೆಂದರೆ ಜಟ್ಟಿ ಎಂಬ ಅರ್ಥವೂ ಉಂಟಲ್ಲ ಎಂದು ಕೇಳಬಹುದು. ಉಂಟು. ಆಂಧ್ರದ ಶ್ರೀಕಾಕುಳಂ ಕಡೆಯ ಕರಣಂ ಮಲ್ಲೇಶ್ವರಿಯವರು 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಭಾರ ಎತ್ತಿ ಕಂಚಿನ ಪದಕ ಪಡೆದು, ಒಲಿಂಪಿಕ್ ಪದಕ ಗೆದ್ದ ಮೊದಲ ಭಾರತೀಯ ಮಹಿಳೆಯಾದಾಗ ನಮ್ಮೂರ ಹಿರಿಯರೊಬ್ಬರು "ಹೆಸರಿನಾಗೇ ಮಲ್ಲ ಐತಲ್ರೀ" ಎಂದಿದ್ದರು. ವ್ಯಾಕರಣ ಒಪ್ಪದಿದ್ದರೂ ಮಾತು ಸೊಗಸಾಗಿದೆ.

ಯುಗಾದಿ ಹತ್ತಿರ ಬಂದಂತೆ ಬಾಗಲಕೋಟೆ, ವಿಜಯಪುರ, ಬೆಳಗಾವಿ, ರಾಯಚೂರು ಕಡೆಯಿಂದ ಕಂಬಿ ಹೊತ್ತು ಬರಿಗಾಲಲ್ಲಿ ಪರ್ವತಕ್ಕೆ ನಡೆಯುವ ಭಕ್ತರನ್ನು ನೀವೆಲ್ಲ ಕಂಡಿದ್ದೀರಿ. ಮರಗಾಲು ಕಟ್ಟಿಕೊಂಡು ನಡೆಯುವ ಹರಕೆಯವರೂ ಅವರಲ್ಲಿರುತ್ತಾರೆ. ಆತ್ಮಕೂರು ದಾಟಿ ನಾಗಲೂಟಿಯ ಕಾಡುದಾರಿ ಹಿಡಿದು ಅವರು ಬೆಟ್ಟ ಹತ್ತುತ್ತಾರೆ. ದಾರಿಯ ಊರುಗಳಲ್ಲಿ ಅವರಿಗೆ ಮಜ್ಜಿಗೆ, ಅಂಬಲಿ, ನೆರಳು ಕೊಡುವುದು ಬಹುದಿನದ ಸೇವೆ. ಭ್ರಮರಾಂಬೆ ಕನ್ನಡಿಗರ ಮನೆಮಗಳು, ಮಲ್ಲಯ್ಯ ಅಳಿಯ ಎಂಬ ಭಾವನೆಯಿಂದ ಅವರಲ್ಲಿ ಅನೇಕರು ಅಮ್ಮನಿಗೆ ತವರಿನ ಸೀರೆ ಒಯ್ಯುತ್ತಾರೆ. ಚೆಂಚರಿಗೂ ಅಳಿಯ, ಕನ್ನಡಿಗರಿಗೂ ಅಳಿಯ! ಇಂಥ ಬೀಗತನದ ದೇವರ ಹೆಸರನ್ನು ಮಗಳಿಗಿಡುವಾಗ ನಮ್ಮ ಹಿರಿಯರು ಅದು ಕನ್ನಡವೋ ತೆಲುಗೋ ಎಂದು ನೋಡಲಿಲ್ಲ.

ನಮ್ಮ ಸೀಮೆಯಲ್ಲಿ ಇನ್ನೊಂದು ವಿಶೇಷವಿದೆ. ಹೊಳಗುಂದಿ ಕಡೆಯ ದೇವರಗಟ್ಟಿನಲ್ಲಿ ಮಾಳಮ್ಮ ಮಲ್ಲೇಶ್ವರರ ಗುಡಿಯಿದೆ. ವಿಜಯದಶಮಿಯ ರಾತ್ರಿಯ ಬನ್ನಿ ಉತ್ಸವದಿಂದ ಅದು ದೂರದವರಿಗೂ ಗೊತ್ತು. ಅಲ್ಲಿಯ ದೇವಿ ಮಾಳಮ್ಮ, ಮಲ್ಲಮ್ಮ ಅಲ್ಲ. ಮೈಲಾರಲಿಂಗನ ಪರಂಪರೆಯ ಗಂಗಿಮಾಳವ್ವನ ಬಳಗದ ಹೆಸರದು. ಆದುದರಿಂದ ಒಂದೇ ಊರಿನಲ್ಲಿ ಮಾಳಮ್ಮ ಎಂಬುವರೂ ಮಲ್ಲಮ್ಮ ಎಂಬುವರೂ ಇರುತ್ತಾರೆ. ಬಾಯಲ್ಲಿ ಇವೆರಡೂ ಸ್ಪಷ್ಟವಾಗಿ ಬೇರೆ. ಕಾಗದದ ಮೇಲೆ ಏನಾಗುತ್ತದೆಂಬುದನ್ನು ಮುಂದೆ ಹೇಳುತ್ತೇವೆ.

ಇನ್ನು ಹೇಮರೆಡ್ಡಿ ಮಲ್ಲಮ್ಮನವರ ವಿಷಯ. ಈ ಹೆಸರಿಗೆ ಇಷ್ಟು ಬಲ ಬಂದದ್ದು ಈ ತಾಯಿಯಿಂದಲೇ. ಕಥೆಯನ್ನು ಒಂದೊಂದು ಊರಿನಲ್ಲಿ ಒಂದೊಂದು ಬಗೆಯಾಗಿ ಹೇಳುತ್ತಾರಾದರೂ ಮುಖ್ಯ ಸಂಗತಿ ಇಷ್ಟು: ಶ್ರೀಶೈಲದ ಸಮೀಪದ ರಾಮಪುರದಲ್ಲಿ ನಾಗರೆಡ್ಡಿಯವರ ಮಗಳಾಗಿ ಹುಟ್ಟಿ, ಹೇಮರೆಡ್ಡಿಯವರ ಮನೆತನಕ್ಕೆ ಸೊಸೆಯಾಗಿ ಬಂದವರು. ಗಂಡ ಭರಮರೆಡ್ಡಿ ಲೋಕಜ್ಞಾನ ಕಡಿಮೆಯಿದ್ದ ಸಾಧು. ಅತ್ತೆ ಮತ್ತು ನೆಗೆಣ್ಣಿಯರ ಕಾಟ ಹೇಳತೀರದು. ಮನೆಯ ಸೊಸೆಯನ್ನು ದನ ಕಾಯಲು ಅಡವಿಗೆ ಅಟ್ಟಿದರು. ಅವರು ಅಡವಿಯಲ್ಲೇ ಮಲ್ಲಯ್ಯನನ್ನು ಪೂಜಿಸಿ ಒಲಿಸಿಕೊಂಡರು. ದೇವರು ವರ ಕೇಳೆಂದಾಗ ತಮಗಾಗಿ ಏನನ್ನೂ ಕೇಳದೆ, ತಮ್ಮನ್ನು ಕಾಡಿದ ಆ ಕುಲಕ್ಕೇ ಬಡತನ ಬರಬಾರದೆಂದು ಕೇಳಿದರಂತೆ. ಶ್ರೀಶೈಲದಲ್ಲಿ ಗುಡಿಯ ಹಿಂಭಾಗದಲ್ಲಿ "ಮಲ್ಲಮ್ಮನ ಕಣ್ಣೀರು" ಎಂಬ ಸ್ಥಳವನ್ನು ಇಂದಿಗೂ ಯಾತ್ರಿಕರಿಗೆ ತೋರಿಸುತ್ತಾರೆ. ಕರ್ನಾಟಕದಲ್ಲಿ ಮೇ 10ರಂದು ಅವರ ಜಯಂತಿ ನಡೆಯುತ್ತದೆ.

ಕನ್ನಡದ ಹೇಳಿಕೆಯಲ್ಲಿ ಯೋಗಿ ವೇಮನರು ಈ ಮಲ್ಲಮ್ಮನವರ ಮೈದುನ. ವೇಶ್ಯೆಯ ಮೋಹಕ್ಕೆ ಸಿಕ್ಕಿ ಮನೆಯ ಸೊತ್ತು ಕಳೆಯುತ್ತಿದ್ದ ಮೈದುನನು ಕೊನೆಗೆ ಅತ್ತಿಗೆಯ ಮೈಮೇಲಿನ ಒಡವೆಯನ್ನೇ ಕೇಳಲು ಬಂದಾಗ, ಅವರು ಬೈಯಲೂ ಇಲ್ಲ, ಇಲ್ಲವೆನ್ನಲೂ ಇಲ್ಲ; ಒಂದು ಷರತ್ತು ಹಾಕಿ ಒಡವೆ ಕೊಟ್ಟರು. ಆ ಷರತ್ತನ್ನು ನಡೆಸುವಾಗ ವೇಮನರ ಕಣ್ಣು ತೆರೆಯಿತು. ಇದೇ ಪ್ರಸಂಗವನ್ನು ತೆಲುಗಿನವರೂ ಹೇಳುತ್ತಾರೆ, ಆದರೆ ಅಲ್ಲಿ ಅತ್ತಿಗೆಯ ಹೆಸರು ನರಸಮಾಂಬ. 1829ರಲ್ಲಿ ಸಿ. ಪಿ. ಬ್ರೌನ್ ಸಾಹೇಬರು ವೇಮನರ ಪದ್ಯಗಳನ್ನು ಅಚ್ಚು ಮಾಡಿಸಿದ ಮೇಲೆ ವೇಮನರು ಜಗತ್ತಿಗೆಲ್ಲ ತೆಲುಗು ಕವಿಯಾಗಿ ಪರಿಚಿತರಾದರು. ಕದಿರಿ ಕಡೆಯ ಕಟಾರುಪಲ್ಲಿಯಲ್ಲಿ ಅವರ ಸಮಾಧಿಯಿದೆ. ಮೈದುನ ತೆಲುಗು ಪಾಲಿಗೆ, ಅತ್ತಿಗೆ ಕನ್ನಡದ ಪಾಲಿಗೆ! ಗಡಿಯ ಮೇಲೆ ಕುಳಿತ ನಮಗೆ ಮಾತ್ರ ಇಡೀ ಮನೆಯೇ ನಮ್ಮದು.

ಇಲ್ಲಿ ಒಂದು ಮಾತನ್ನು ಬಿಚ್ಚಿ ಹೇಳಬೇಕು. ನಮ್ಮ ಹಳ್ಳಿಗಳಲ್ಲಿ ಸೊಸೆ ಕಣ್ಣೀರು ಹಾಕಿದರೆ "ಮಲ್ಲಮ್ಮನಂಗ ತಾಳಿಕೋ" ಎನ್ನುವ ರೂಢಿಯುಂಟು. ಹಾಗೆ ಹೇಳುವವರು ಬಹುಮಟ್ಟಿಗೆ ಅತ್ತೆಯ ಕಡೆಯವರೇ ಎಂಬುದನ್ನು ನಾವು ಗಮನಿಸಿದ್ದೇವೆ. ಆ ತಾಯಿಯ ಕಥೆಯಲ್ಲಿ ತಾಳ್ಮೆಯಿದೆ, ಸುಳ್ಳಲ್ಲ. ಆದರೆ ಮೈದುನನಿಗೆ ಷರತ್ತು ಹಾಕಿದ್ದೂ ಅವರೇ ಅಲ್ಲವೆ? ಸೊಸೆಯನ್ನು ಅಡವಿಗೆ ಅಟ್ಟಿದವರ ತಪ್ಪನ್ನು ಕಥೆ ಎಲ್ಲಿಯೂ ಒಪ್ಪಿಲ್ಲ. ತಾಳ್ಮೆಯ ಅರ್ಧವನ್ನಷ್ಟೇ ಹಿಡಿದು ಹೆಣ್ಣುಮಕ್ಕಳ ಬಾಯಿ ಮುಚ್ಚಿಸಲು ಈ ಹೆಸರನ್ನು ಬಳಸಿದ್ದರಿಂದಲೇ, ಇಂದಿನ ಓದಿದ ತಾಯಂದಿರಿಗೆ ಅದು ಬೇಡವಾಗಿದೆಯೇನೋ ಎಂದು ನಮಗೆ ಅನುಮಾನ. ಆ ಕೂಸಿನ ತಾಯಿಯೂ ಮೆಲ್ಲಗೆ ಹೇಳಿದ್ದು ಇದನ್ನೇ: "ಹೆಸರಿಗೆ ನಾನು ಬ್ಯಾಡ ಅನ್ನಂಗಿಲ್ರೀ, ಆ ಹೆಸರಿನ ಜೊತಿಗೆ ಬರೋ ಮಾತು ಬ್ಯಾಡ."

ಈ ತಾಯಿಗೆ ಉತ್ತರವಾಗಿ ತುಂಗಭದ್ರೆಯ ಆಚೆಗಿನ ಒಬ್ಬ ಮಲ್ಲಮ್ಮನನ್ನು ತೋರಿಸುತ್ತೇವೆ. ಕೊಪ್ಪಳ ಜಿಲ್ಲೆಯ ಹದಿನಾರು ವರ್ಷದ ಹುಡುಗಿ. ಮನೆಗೆ ಶೌಚಾಲಯ ಬೇಕೆಂದು ಹಟ ಹಿಡಿದು, ಮನೆಯವರ ಎದುರಿಗೇ ಊಟ ಬಿಟ್ಟು ಕುಳಿತಳು. ಗ್ರಾಮ ಪಂಚಾಯಿತಿಯ ಅಧ್ಯಕ್ಷರಾಗಿದ್ದ ಮಹಮ್ಮದ್ ಶಫಿಯವರು 18 ಸಾವಿರ ರೂಪಾಯಿ ಹೊಂದಿಸಿ ವಾರದೊಳಗೆ ಕಟ್ಟಿಸಿಕೊಟ್ಟರು. 2016ರ ಆಗಸ್ಟ್‌ನಲ್ಲಿ ಪ್ರಧಾನಮಂತ್ರಿಗಳು ರೇಡಿಯೋದ ಮನದ ಮಾತಿನಲ್ಲಿ ಈ ಸಂಗತಿಯನ್ನು ಹೇಳಿದರು. ಈ ಮಲ್ಲಮ್ಮ ತಾಳಿಕೊಳ್ಳಲಿಲ್ಲ.

ಇತಿಹಾಸದಲ್ಲಿ ಬೆಳವಡಿ ಮಲ್ಲಮ್ಮನೂ ತಾಳಿಕೊಳ್ಳಲಿಲ್ಲ. ಈಗಿನ ಬೆಳಗಾವಿ ಜಿಲ್ಲೆಯ ಬೆಳವಡಿಯ ರಾಣಿ ಈಕೆ, ಈಶಪ್ರಭುವಿನ ಹೆಂಡತಿ. ದಕ್ಷಿಣದ ದಂಡಯಾತ್ರೆ ಮುಗಿಸಿ ಹಿಂದಿರುಗುತ್ತಿದ್ದ ಶಿವಾಜಿ ಮಹಾರಾಜರ ಸೈನ್ಯವನ್ನು 1678ರಲ್ಲಿ ಎದುರಿಸಿ ನಿಂತಳು. ಧಾರವಾಡ ಸಮೀಪದ ಯಾದವಾಡದಲ್ಲಿ ಆ ಪ್ರಸಂಗದ್ದೆಂದು ಹೇಳುವ ಶಿಲ್ಪವಿದೆ. ಮರಾಠಿ ಕಡೆಯ ಬರಹಗಳಲ್ಲಿ ಅದೇ ರಾಣಿ ಸಾವಿತ್ರಿಬಾಯಿ ಆಗಿದ್ದಾಳೆ. ಗಡಿ ದಾಟಿದೊಡನೆ ಹೆಣ್ಣಿನ ಹೆಸರು ಬದಲಾಗುವುದಕ್ಕೆ ಇದು ಎರಡನೆಯ ಸಾಕ್ಷಿ.

ತೆಲುಗು ರಾಮಾಯಣ ಬರೆದ ಆತುಕೂರಿ ಮೊಲ್ಲ ಎಂಬ ಕವಯಿತ್ರಿಯನ್ನೂ ಮಲ್ಲಮ್ಮನ ತಂಗಿ ಎಂದೇ ಕರೆಯಬಹುದು. ತಂದೆ ಕೇಸನಶೆಟ್ಟಿ ಕುಂಬಾರ ಕಾಯಕದವರು, ಶ್ರೀಶೈಲ ಮಲ್ಲಯ್ಯನ ಭಕ್ತರು. ಮೊಲ್ಲ ಎಂದರೆ ಮಲ್ಲಿಗೆಯ ಒಂದು ಜಾತಿ. ನಮ್ಮ ಹಳಗನ್ನಡದಲ್ಲಿಯೂ ಮೊಲ್ಲೆ ಎಂಬ ಮಾತಿದೆ.

ನಾಟಕ ಸಿನಿಮಾಗಳ ಮಾತಿಗೆ ಬಂದರೆ, ಹೇಮರೆಡ್ಡಿ ಮಲ್ಲಮ್ಮನ ಕಥೆ ಹರಿಕಥೆ, ಬಯಲಾಟ, ಕಂಪನಿ ನಾಟಕಗಳಲ್ಲಿ ಮೆರೆದು, ಸ್ವಾತಂತ್ರ್ಯಕ್ಕೆ ಮುಂಚೆಯೇ ಗುಬ್ಬಿ ವೀರಣ್ಣನವರಿಂದ ಚಲನಚಿತ್ರವೂ ಆಯಿತು. 1969ರಲ್ಲಿ ಪುಟ್ಟಣ್ಣ ಕಣಗಾಲರು ಬಿ. ಪುಟ್ಟಸ್ವಾಮಯ್ಯನವರ "ಅರ್ಧಾಂಗಿ" ಕಾದಂಬರಿಯನ್ನು ತೆರೆಗೆ ತಂದಾಗ ಅದಕ್ಕಿಟ್ಟ ಹೆಸರು "ಮಲ್ಲಮ್ಮನ ಪವಾಡ". ಅದು ಸಂತೆಯ ಕಥೆಯಲ್ಲ, ಸಂಸಾರದ ಕಥೆ. ಮಲತಾಯಿಯ ಕೈಗೊಂಬೆಯಾದ, ಓದುಬರಹವಿಲ್ಲದ ಗಂಡನನ್ನು ಮನುಷ್ಯನನ್ನಾಗಿ ಮಾಡುವ ಹೆಂಡತಿಯ ಪಾತ್ರ, ಬಿ. ಸರೋಜಾದೇವಿಯವರು ಅಭಿನಯಿಸಿದ್ದು. ಸಾಧು ಗಂಡ, ಕಾಡುವ ಅತ್ತೆ, ಎದೆಗಾರಿಕೆಯ ಸೊಸೆ: ಹಳೆಯ ಮಲ್ಲಮ್ಮನವರನ್ನು ಬಲ್ಲ ನೋಡುಗರಿಗೆ ಆ ಹೆಸರೊಂದೇ ಸಾಕಾಯಿತು, ಮತ್ತೇನೂ ವಿವರಿಸಬೇಕಾಗಿರಲಿಲ್ಲ. ತೆಲುಗಿನಲ್ಲಿ 1951ರ "ಮಲ್ಲೀಶ್ವರಿ" ಬಂತು. ಬಿ. ಎನ್. ರೆಡ್ಡಿಯವರ ಚಿತ್ರ, ಕೃಷ್ಣದೇವರಾಯನ ಕಾಲದ ಹಿನ್ನೆಲೆಯದು. ನಮ್ಮ ಮನೆಗಳಲ್ಲಿ ಮಲ್ಲಮ್ಮಂದಿರ ಮಕ್ಕಳು ಮಲ್ಲೇಶ್ವರಿಯರಾಗಿರುವುದನ್ನು ಕಂಡಾಗಲೆಲ್ಲ ನಮಗೆ ಆ ಚಿತ್ರದ ನೆನಪಾಗುತ್ತದೆ. ಈಚಿನ ಧಾರಾವಾಹಿಗಳಲ್ಲಿ ಮಾತ್ರ ಮಲ್ಲಮ್ಮ ಎಂದರೆ ಮನೆಗೆಲಸದವಳು, ಇಲ್ಲವೆ ನಗೆ ಬರಿಸುವ ಹಳ್ಳಿಯವಳು. ಶಾಲೆಯ ಮಕ್ಕಳು ನಗುವುದನ್ನು ಅಲ್ಲಿಂದ ಕಲಿತಿದ್ದಾರೆ. ಮಕ್ಕಳ ತಪ್ಪಿಲ್ಲ.

ಈಗ ಕಾಗದದ ಮಾತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾದಾಗ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೂ ಉಳಿದವು ಮೈಸೂರಿಗೂ ಹೋದವು. ಆದವಾನಿ, ಆಲೂರುಗಳನ್ನು ಕರ್ನೂಲು ಜಿಲ್ಲೆಗೆ ಸೇರಿಸಿದರು. ಅಂದಿನಿಂದ ನಮ್ಮ ಹೆಣ್ಣುಮಕ್ಕಳ ಹೆಸರು ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು. ಮಲ್ಲಮ್ಮನಿಗೆ ಇದರಿಂದ ಕೆಡುಕಾಗಲಿಲ್ಲ. ಎರಡು ಲಿಪಿಗಳೂ ಅಕ್ಕತಂಗಿಯರು. ಮ, ಲ್ಲ, ಮ್ಮ ಎರಡರಲ್ಲೂ ಅಷ್ಟೇ ಅಕ್ಷರ. ಬೆಳಗಾವಿ ಕಡೆಯಿಂದ ಸೊಸೆಯಾಗಿ ಬಂದ ಮಲ್ಲವ್ವಂದಿರಿಗೆ ಮಾತ್ರ ತುಸು ಪೇಚು, ಯಾಕೆಂದರೆ ಕನ್ನಡದಲ್ಲಿ ಅವ್ವ ಎಂದರೆ ತಾಯಿ, ತೆಲುಗಿನಲ್ಲಿ ಅಜ್ಜಿ. ಇಪ್ಪತ್ತರ ಹುಡುಗಿಯನ್ನು ಎಲ್ಲರೂ ಅಜ್ಜಿ ಎಂದಂತಾಗುತ್ತದೆ! ನಮ್ಮ ಆದವಾನಿಯ ಮಹಾಯೋಗಿ ಲಕ್ಷ್ಮಮ್ಮ ಅವ್ವನವರನ್ನು ಕನ್ನಡಿಗರು ತಾಯಿಯೆಂದೂ ತೆಲುಗರು ಅಜ್ಜಿಯೆಂದೂ ತಿಳಿದು ಒಂದೇ ಮಾತಿನಿಂದ ಕರೆಯುವುದನ್ನು ನೋಡಿ.

ಕೆಡುಕಾದದ್ದು ಇಂಗ್ಲಿಷ್ ಅಕ್ಷರಗಳಲ್ಲಿ. ಮಲ್ಲಮ್ಮ ಎಂದು ಬರೆಯಲು ಎಲ್ ಎಂಬ ಅಕ್ಷರ ಎರಡು ಸಲ ಬೇಕು. ಕಂಪ್ಯೂಟರಿನ ಮುಂದೆ ಕುಳಿತವರು ಅವಸರದಲ್ಲಿ ಒಂದನ್ನು ಬಿಟ್ಟರೆ ಆ ಕ್ಷಣಕ್ಕೆ ಮಲ್ಲಮ್ಮ ಮಾಳಮ್ಮನಾಗುತ್ತಾಳೆ. ಅದನ್ನು ಮತ್ತೆ ತೆಲುಗಿಗೆ ತಿರುಗಿಸುವಾಗ ಮಾಳಮ್ಮ ಎಂದೇ ಅಚ್ಚಾಗುತ್ತದೆ, ಆ ಹೆಸರೂ ಊರಲ್ಲಿ ಇರುವುದರಿಂದ ಯಾರಿಗೂ ತಪ್ಪೆಂದು ತೋರುವುದಿಲ್ಲ. ಇದರ ಮೇಲೆ ಇಂಟಿಪೇರು, ಅಂದರೆ ಹೆಸರಿನ ಮುಂದಿನ ಮನೆತನದ ಹೆಸರು, ತವರಿನದೊಂದು ಕಾಗದದಲ್ಲಿ, ಗಂಡನ ಮನೆಯದೊಂದು ಕಾಗದದಲ್ಲಿ. ಪಡಿತರ ಚೀಟಿಯಲ್ಲಿ ಮಲ್ಲಮ್ಮ, ಆಧಾರದಲ್ಲಿ ಮಾಳಮ್ಮ, ಬ್ಯಾಂಕಿನ ಪುಸ್ತಕದಲ್ಲಿ ಮಲ್ಲೇಶ್ವರಿ ಎಂದಿದ್ದ ಒಬ್ಬರನ್ನು ನಾವು ಬಲ್ಲೆವು. ಅವರೇ ತೊಟ್ಟಿಲ ಮನೆಯ ಅಜ್ಜಿಯ ಅತ್ತೆ. ಕೊನೆಯ ವರ್ಷದಲ್ಲಿ ಅವರ ವೃದ್ಧಾಪ್ಯ ಪಿಂಚಣಿ ನಿಂತು, ಎಂಟು ತಿಂಗಳು ಮೊಮ್ಮಕ್ಕಳು ಅರ್ಜಿ ಹಿಡಿದು ಓಡಾಡಿದರು. "ನಾನು ಯಾರಂತ ನನಗ ಗೊತ್ತೈತಿ, ಅವರಿಗೆ ಯಾರು ಹೇಳ್ಯಾರು" ಎನ್ನುತ್ತಿದ್ದರಂತೆ ಆ ಹಿರಿಯ ಜೀವ. ಹಣ ಬರುವ ಮೊದಲೇ ತೀರಿಕೊಂಡರು. ಕೂಸಿಗೆ ಆ ಹೆಸರು ಬೇಕೆಂದು ಅಜ್ಜಿ ಹಟ ಹಿಡಿದುದರ ಹಿಂದಿನ ನೋವು ಇದು. ಅಂದು ತೊಟ್ಟಿಲ ಮುಂದೆ ನಮಗೂ ಗೊತ್ತಿರಲಿಲ್ಲ, ಆಮೇಲೆ ತಿಳಿಯಿತು.

ಆದ್ದರಿಂದ ಯಾವ ಹೆಸರಿಡುವವರಾದರೂ ಇಷ್ಟನ್ನು ಗಮನಿಸಬೇಕೆಂದು ಕೋರುತ್ತೇವೆ. ಜನನವನ್ನು 21 ದಿನಗಳೊಳಗೆ ನೋಂದಾಯಿಸಬೇಕು. ಹೆಸರು ತೀರ್ಮಾನವಾಗದಿದ್ದರೂ ನೋಂದಣಿಯನ್ನು ತಡೆಯಬೇಕಾಗಿಲ್ಲ. ಹೆಸರನ್ನು ಹನ್ನೆರಡು ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸಬಹುದು, ಆಮೇಲೆ ಶುಲ್ಕ ಕೊಟ್ಟು ಸೇರಿಸಬೇಕು. ತೆಲುಗಿನಲ್ಲೂ ಇಂಗ್ಲಿಷಿನಲ್ಲೂ ಹೆಸರನ್ನು ಒಂದು ಚೀಟಿಯಲ್ಲಿ ದೊಡ್ಡದಾಗಿ ಬರೆದುಕೊಂಡು ಹೋಗಿ, ಅದನ್ನೇ ನೋಡಿ ಬರೆಯುವಂತೆ ಕೇಳಿ. ಬಾಯಲ್ಲಿ ಹೇಳಿ ಬರಬೇಡಿ. ಅಚ್ಚಾಗುವ ಮೊದಲು ಓದಿಸಿ ನೋಡಿ. ಮನೆಯ ಹಿರಿಯ ಹೆಂಗಸರ ಕಾಗದಗಳನ್ನೆಲ್ಲ ಒಂದು ದಿನ ಒಟ್ಟಿಗೆ ಹರಡಿ ಹೆಸರು ತಾಳೆಯಾಗುತ್ತದೆಯೇ ಎಂದು ನೋಡಿಕೊಳ್ಳಿ. ಹತ್ತಿ ಮುಗಿದು ಗುಂಟೂರಿನ ಕಡೆಗೆ ಮೆಣಸಿನಕಾಯಿ ಬಿಡಿಸಲು ಹೊರಡುವ ಮುಂಚೆಯೇ ಆ ಕೆಲಸ ಆಗಲಿ, ಹೋದವರು ಬರುವಷ್ಟರಲ್ಲಿ ಗಡುವುಗಳು ಮುಗಿದಿರುತ್ತವೆ.

ತೊಟ್ಟಿಲ ಮನೆಯವರು ದೀಪಾವಳಿಗೆ ನಮ್ಮಲ್ಲಿಗೆ ಬಂದಿದ್ದರು. ಕೂಸು ಮೈತುಂಬಿಕೊಂಡಿದೆ. ತಂದೆತಾಯಿಗಳು ಒಪ್ಪಿ ದಾಖಲೆಯಲ್ಲಿ ಮಲ್ಲಮ್ಮ ಎಂದೇ ಬರೆಸಿದ್ದಾರೆ; ಮನೆಯಲ್ಲಿ ಮಲ್ಲಿ ಎಂದು ಕರೆಯುತ್ತಾರೆ. ಅಜ್ಜಿಗೆ ಓದಲು ಬರುವುದಿಲ್ಲ. ಜನನ ಪ್ರಮಾಣಪತ್ರವನ್ನು ಸೆರಗಿನಿಂದ ತೆಗೆದು ನಮ್ಮ ಕೈಗೆ ಕೊಟ್ಟು, ಇಂಗ್ಲಿಷಿನ ಸಾಲಿನ ಮೇಲೆ ಬೆರಳಿಟ್ಟು, "ಎಲ್ಲು ಎರಡು ಅದಾವೇನ್ರೀ ಅಯ್ಯನೋರ?" ಎಂದು ಕೇಳಿದರು. ಎರಡೂ ಇದ್ದವು.